ಮಹಾಶಿಲ್ಪಿ ಮೈಕೆಲ್ ಎಂಜೆಲೊ ಮತ್ತು ಅವನ ಅಪೂರ್ಣ ಕೃತಿಗಳು

ಬಿಂಬಪ್ರತಿಷ್ಠೆಯ ಈ ಮಂಗಳ ಸಂದರ್ಭದಲ್ಲಿ ಸ್ಮರಣಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಹಿಂಜರಿದೆನು. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಆಗಮ ಪುರಾಣಗಳ ವಿಷಯವಾಗಿ ಬರೆಯಬಲ್ಲವರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಆದರೆ ಬಿಂಬಕ್ಕಾಗಿ ಶಿಲೆಯನ್ನು ಆರಿಸಲು ಹೋದವರಲ್ಲಿ ನಾನೂ ಒಬ್ಬನಾಗಿದ್ದೆನು. ಶಿಲ್ಪಿಗಳು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಕಿವಿಗೊಟ್ಟು ನಾದವನ್ನು ಆಲಿಸಿ, ನಮ್ಮ ಕಣ್ಣಿಗೆ ನಿರ್ದೋಷವಾಗಿ ಕಂಡ ಎರಡು ಕಲ್ಲುಗಳನ್ನು ಬೇಡವೆಂದು ಬದಿಗೆ ಸರಿಸಿಬಿಟ್ಟರು. ಕಲ್ಲಿನೊಳಗಿನ ದೋಷ ಅವರಿಗೆ ಕೇಳಿಸಿತು, ನಮಗೆ ಕೇಳಿಸಲಿಲ್ಲ. ಅಂದಿನಿಂದ ಶಿಲ್ಪಿಯ ಕೆಲಸ ಹೇಗೆ ನಡೆಯುತ್ತದೆಂಬ ಕುತೂಹಲವು ನನ್ನಲ್ಲಿ ಹುಟ್ಟಿ, ಕೈಗೆ ದೊರೆತ ಪುಸ್ತಕಗಳನ್ನು ಓದತೊಡಗಿದೆನು. ಹಾಗೆ ಓದಿದವುಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇಟಲಿ ದೇಶದ ಮೈಕೆಲ್ ಎಂಜೆಲೊ ಬೋನರೋಟಿಯ ಜೀವನ. ಅವನು ಪೂರ್ಣಗೊಳಿಸಿದ ಮೂರ್ತಿಗಳನ್ನು ಲೋಕವೆಲ್ಲ ಕೊಂಡಾಡುತ್ತದೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು ಅವನು ಮುಗಿಸದೆ ಬಿಟ್ಟ ಮೂರ್ತಿಗಳು.

ಮೈಕೆಲ್ ಎಂಜೆಲೊ 1475ನೆಯ ಇಸವಿ ಮಾರ್ಚ್ 6ರಂದು ಕಪ್ರೇಸೆ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ತಂದೆ ಲೊಡೊವಿಕೊ ಫ್ಲಾರೆನ್ಸ್ ನಗರದವನು. ಆಗ ಆ ಊರಿನಲ್ಲಿ ಅಲ್ಪಾವಧಿಯ ನ್ಯಾಯಾಧಿಕಾರಿಯಾಗಿದ್ದನು. ಮನೆತನದ ಹೆಮ್ಮೆ ದೊಡ್ಡದು, ಆಸ್ತಿ ಸಣ್ಣದು. ಶಿಶುವನ್ನು ಸಾಕಲು ಸೆಟ್ಟಿನ್ಯಾನೊ ಎಂಬ ಗ್ರಾಮದ ಒಬ್ಬ ದಾದಿಗೆ ಒಪ್ಪಿಸಿದರು. ಆ ಗ್ರಾಮವೆಲ್ಲ ಕಲ್ಲುಕುಟಿಗರ ಗ್ರಾಮ. ಆಕೆಯ ಗಂಡನೂ ಕಲ್ಲುಕುಟಿಗನೇ. ಉಳಿ ಸುತ್ತಿಗೆಗಳನ್ನು ತಾನು ದಾದಿಯ ಹಾಲಿನೊಡನೆಯೇ ಕುಡಿದೆನೆಂದು ಮುಂದೆ ಅವನು ವಿನೋದಕ್ಕಾಗಿ ಹೇಳುತ್ತಿದ್ದನಂತೆ. ಹೆತ್ತ ತಾಯಿಯನ್ನು ಆರನೆಯ ವಯಸ್ಸಿನಲ್ಲಿಯೇ ಕಳೆದುಕೊಂಡನು.

ಮಗನು ಕೈಕೆಲಸದವನಾಗುವುದು ತಂದೆಗೆ ಅವಮಾನವೆನಿಸಿತು. ಹೊಡೆತ ಬಡಿತಗಳಾದುವು. ಹುಡುಗನ ಹಟವೇ ಗೆದ್ದಿತು. 1488ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಗಿರ್ಲಂಡಾಯೊ ಎಂಬ ಚಿತ್ರಕಾರನ ಬಳಿ ಮೂರು ವರ್ಷಗಳ ಕರಾರಿನ ಮೇಲೆ ಶಿಷ್ಯನಾಗಿ ಸೇರಿದನು. ಅಲ್ಲಿ ಅವಧಿ ಮುಗಿಯುವುದರೊಳಗಾಗಿಯೇ ಫ್ಲಾರೆನ್ಸಿನ ನಾಯಕನೂ ಮಹಾವರ್ತಕ ಮನೆತನದವನೂ ಆದ ಲೊರೆಂಜೊ ಮೆಡಿಚಿಯ ಕಣ್ಣಿಗೆ ಬಿದ್ದನು. ಲೊರೆಂಜೊ ಅವನನ್ನು ತನ್ನ ಅರಮನೆಯಲ್ಲಿಯೇ ಇಟ್ಟುಕೊಂಡು ಮಕ್ಕಳ ಪಂಕ್ತಿಯಲ್ಲಿ ಕುಳ್ಳಿರಿಸಿ ಊಟ ಹಾಕಿದನು. ವರ್ತಕರ ದ್ರವ್ಯದಿಂದ ಲೋಕಕ್ಕೆ ಆಗಬಹುದಾದ ಉಪಕಾರಗಳಲ್ಲಿ ಇದೂ ಒಂದೆಂದು ನಾವು ವ್ಯಾಪಾರಸ್ಥರು ಸ್ವಲ್ಪ ಬೀಗಬಹುದು. ಆ ದಿನಗಳಲ್ಲಿ ಅವನು ಕಡೆದ ಒಂದು ಯುದ್ಧದ ಉಬ್ಬುಶಿಲ್ಪವು ಅಂಚಿನಲ್ಲಿ ಇನ್ನೂ ಒರಟಾಗಿಯೇ ಉಳಿದಿದೆ. ಹದಿನೇಳು ವರ್ಷದ ಹುಡುಗನ ಆ ಕೆಲಸವೇ ಅವನ ಮುಂದಿನ ಬಾಳಿಗೆ ಮುನ್ಸೂಚನೆಯಂತಿದೆ.

1492ರಲ್ಲಿ ಲೊರೆಂಜೊ ತೀರಿಕೊಂಡನು. ಅನಂತರ ಮೈಕೆಲ್ ಎಂಜೆಲೊ ಸಂತ ಸ್ಪಿರಿಟೊ ಮಠದ ಅಧಿಪತಿಯ ಅನುಮತಿ ಪಡೆದು ಮೃತ ದೇಹಗಳನ್ನು ಪರೀಕ್ಷಿಸಿ, ಎಲುಬು ಸ್ನಾಯುಗಳ ರಚನೆಯನ್ನು ಅಭ್ಯಾಸ ಮಾಡಿದನು. 1496ರಲ್ಲಿ ರೋಂ ನಗರಕ್ಕೆ ಹೋದನು. ಅಲ್ಲಿ ಅವನ ಕೀರ್ತಿಗೆ ಕಾರಣವಾದುದು ಪಿಯೆಟಾ ಎಂಬ ಮೂರ್ತಿ. ಮೃತ ಯೇಸುವನ್ನು ಮಡಿಲಲ್ಲಿ ಮಲಗಿಸಿಕೊಂಡ ಮಾತೆ ಮೇರಿ. 1498ರ ಆಗಸ್ಟ್ 27ರ ಕರಾರಿನ ಪ್ರಕಾರ ಕಾಲ ಒಂದು ವರ್ಷ, ಕ್ರಯ 450 ಚಿನ್ನದ ಡುಕಾಟುಗಳು. ಯಾಕೊಪೊ ಗಾಲಿ ಎಂಬ ಲೇವಾದೇವಿಗಾರನು ಜಾಮೀನು ನಿಂತು, ಆಗ ರೋಮಿನಲ್ಲಿದ್ದ ಎಲ್ಲಾ ಅಮೃತಶಿಲೆಯ ಕೃತಿಗಳಿಗಿಂತ ಇದು ಸುಂದರವಾಗಿರುವುದೆಂದು ಬರೆದುಕೊಟ್ಟನು. ನನ್ನ ಮೂವತ್ತು ವರ್ಷಗಳ ವ್ಯವಹಾರದಲ್ಲಿ ಇಂಥ ಜಾಮೀನನ್ನು ನಾನು ಕಂಡದ್ದಿಲ್ಲ. ಆದರೆ ಅವನ ಮಾತು ಉಳಿಯಿತು. ಮೈಕೆಲ್ ಎಂಜೆಲೊ ತನ್ನ ಹೆಸರನ್ನು ಕೊರೆದ ಮೂರ್ತಿ ಜೀವಮಾನದಲ್ಲಿ ಇದೊಂದೇ.

ಈ ಮೂರ್ತಿಗೆ ಬೇಕಾದ ಕಲ್ಲನ್ನು ಅವನು ಸ್ವತಃ ಗಣಿಗೆ ಹೋಗಿ ಆರಿಸಿದನು. ಗಣಿಯ ಊರಿನ ಹೆಸರು ಕರಾರಾ. ನಮ್ಮ ವ್ಯವಹಾರದ ಕರಾರಿಗೂ ಆ ಊರಿಗೂ ಸಂಬಂಧವಿಲ್ಲ. ಆದರೆ ಈ ಶಿಲ್ಪಿಯ ಬಾಳು ಮಾತ್ರ ಕರಾರಾ ಮತ್ತು ಕರಾರು ಇವೆರಡರ ನಡುವೆಯೇ ಸವೆಯಿತು.

ಡೇವಿಡ್ ಮೂರ್ತಿಯ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಫ್ಲಾರೆನ್ಸಿನ ಪ್ರಧಾನ ದೇವಾಲಯದ ಅಂಗಳದಲ್ಲಿ ಒಂದು ದೊಡ್ಡ ಅಮೃತಶಿಲೆಯು ಬಿದ್ದುಕೊಂಡಿತ್ತು. ಅದನ್ನು 1464ರಲ್ಲಿ ಒಬ್ಬ ಶಿಲ್ಪಿಗೆ ಒಪ್ಪಿಸಿದ್ದರು, ಅವನು ಬಿಟ್ಟನು. 1476ರಲ್ಲಿ ಮತ್ತೊಬ್ಬನಿಗೆ ಒಪ್ಪಿಸಿದರು, ಅವನೂ ಬಿಟ್ಟನು. ಅಗಲ ಕಡಮೆಯಾಗಿದ್ದ, ಆಗಲೇ ಅಲ್ಲಲ್ಲಿ ಕೊರೆದು ಕೆಟ್ಟಿದ್ದ ಆ ಕಲ್ಲು ಮಳೆ ಬಿಸಿಲುಗಳಲ್ಲಿ ಮೂವತ್ತೇಳು ವರ್ಷ ಕಳೆದ ಮೇಲೆ, 1501ರ ಆಗಸ್ಟಿನಲ್ಲಿ, ಇಪ್ಪತ್ತಾರು ವರ್ಷ ವಯಸ್ಸಿನ ಮೈಕೆಲ್ ಎಂಜೆಲೊ ಅದನ್ನು ವಹಿಸಿಕೊಂಡನು. ಬೇರೆಯವರು ಹಾಳುಗೆಡವಿದ ಸರಕನ್ನು ಯಾರು ತಾನೆ ಕೊಳ್ಳುತ್ತಾರೆ? ಅವನು ಕಲ್ಲಿನ ಸುತ್ತ ಮರೆ ಕಟ್ಟಿಸಿ, ಯಾರಿಗೂ ತೋರಿಸದೆ ಎರಡು ವರ್ಷಗಳಿಗೂ ಮೀರಿ ದುಡಿದನು. ಹೊರಬಂದುದು ಸುಮಾರು 17 ಅಡಿ ಎತ್ತರದ ನಗ್ನ ಯುವಕ.

ಮೂರ್ತಿಯನ್ನು ಎಲ್ಲಿ ಸ್ಥಾಪಿಸಬೇಕೆಂದು ನಿರ್ಣಯಿಸಲು 1504ರ ಜನವರಿಯಲ್ಲಿ ನಗರದ ಕಲಾವಿದರೂ ಪ್ರಮುಖರೂ ಸೇರಿದರು. ಲಿಯೊನಾರ್ಡೊ ಡ ವಿಂಚಿಯೂ ಆ ಸಭೆಯಲ್ಲಿದ್ದನು. ಮೇ 14ರ ರಾತ್ರಿ ಮೂರ್ತಿ ಹೊರಟಿತು. ಮರದ ಚೌಕಟ್ಟಿನೊಳಗೆ ಅದನ್ನು ಹಗ್ಗಗಳಿಂದ ತೂಗುಬಿಟ್ಟು, ಜಿಡ್ಡು ಸವರಿದ ತೊಲೆಗಳ ಮೇಲೆ ನಲವತ್ತಕ್ಕೂ ಹೆಚ್ಚು ಆಳುಗಳು ಉರುಳಿಸಿದರು. ಅರ್ಧ ಮೈಲಿಯೂ ಇಲ್ಲದ ದಾರಿಗೆ ನಾಲ್ಕು ದಿನಗಳು ಹಿಡಿದುವು. ರಾತ್ರಿಯಲ್ಲಿ ಕೆಲವರು ಮೂರ್ತಿಗೆ ಕಲ್ಲೆಸೆದುದರಿಂದ ಕಾವಲು ಹಾಕಬೇಕಾಯಿತು. 1432ರಲ್ಲಿ ಕಾರ್ಕಳದ 42 ಅಡಿಯ ಗೊಮ್ಮಟನನ್ನು ಬೆಟ್ಟಕ್ಕೇರಿಸಿದ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಭಾಗವನ್ನು ಓದುವಾಗ ಒಂದು ಬಗೆಯ ಬಳಕೆಯ ಭಾವನೆ ಉಂಟಾಗುತ್ತದೆ. ಡೇವಿಡ್ ನಿಂತ ಮೇಲೆ ಅವನ ನಡುವಿಗೆ ಲೋಹದ ಎಲೆಗಳ ಮಾಲೆಯೊಂದನ್ನು ಸುತ್ತಿದರು. ದಿಗಂಬರ ಮುದ್ರೆಯನ್ನು ನಿತ್ಯವೂ ದರ್ಶಿಸುವ ನಮಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಇನ್ನು ಅವನು ಕೆಲಸ ಮಾಡುತ್ತಿದ್ದ ಕ್ರಮ. ಮೊದಲು ಕಾಗದದ ಮೇಲೆ ಚಿತ್ರಗಳು. ಅನಂತರ ಮೇಣದಲ್ಲಾಗಲಿ ಜೇಡಿಮಣ್ಣಿನಲ್ಲಾಗಲಿ ಗೇಣುದ್ದದ ಮಾದರಿ. ಆಮೇಲೆ ಶಿಲೆಯ ಮುಖದ ಮೇಲೆ ಆಕೃತಿಯ ರೇಖೆಯನ್ನು ಎಳೆದು, ಮುಂಭಾಗದಿಂದಲೇ ಒಳಮುಖವಾಗಿ ಕೊರೆಯುತ್ತ ಹೋಗುವನು. ನಾಲ್ಕು ಪಾರ್ಶ್ವಗಳಿಂದಲೂ ಸಮವಾಗಿ ಕಡೆಯುವ ಪದ್ಧತಿ ಅವನದಲ್ಲ. ಅವನ ಶಿಷ್ಯನಂತಿದ್ದ ವಸಾರಿ ಎಂಬವನು ಇದಕ್ಕೊಂದು ಒಳ್ಳೆಯ ಹೋಲಿಕೆಯನ್ನು ಕೊಟ್ಟಿದ್ದಾನೆ: ಮೇಣದ ಬೊಂಬೆಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ ಮೆಲ್ಲಮೆಲ್ಲನೆ ಮೇಲಕ್ಕೆತ್ತಿದರೆ, ಮೊದಲು ಉಬ್ಬಿದ ಭಾಗಗಳು, ಅನಂತರ ತಗ್ಗಿನ ಭಾಗಗಳು, ಕಡೆಗೆ ಸಮಗ್ರ ದೇಹ ನೀರಿನಿಂದ ಹೊರಬರುತ್ತದೆ, ಹಾಗೆ ಕಲ್ಲಿನಿಂದ ಮೂರ್ತಿ ಹೊರಬರಬೇಕು. ಈ ಕ್ರಮದಲ್ಲಿ ಒಂದು ಅನುಕೂಲವುಂಟು. ಹಿಂಭಾಗದಲ್ಲಿ ಕಲ್ಲು ಇನ್ನೂ ಮಿಕ್ಕಿರುವುದರಿಂದ, ಮುಂದೆ ತಪ್ಪಾದರೆ ಇನ್ನಷ್ಟು ಒಳಕ್ಕೆ ಸರಿದು ತಿದ್ದಿಕೊಳ್ಳಬಹುದು. ಅಂಗಡಿಯಲ್ಲಿ ಮೂಲಧನವನ್ನೆಲ್ಲ ಒಮ್ಮೆಗೇ ಹೂಡದೆ ಸ್ವಲ್ಪವನ್ನು ಹಿಂದೆ ಇಟ್ಟುಕೊಳ್ಳುವಂತೆ ಎಂದು ನಾನು ತಿಳಿದುಕೊಂಡೆನು.

ಉಪಕರಣಗಳು ಹೆಚ್ಚೇನಿಲ್ಲ. ಮೊನೆಯುಳಿಯಿಂದ ದಪ್ಪ ಚಕ್ಕೆಗಳನ್ನು ಎಬ್ಬಿಸುವನು. ಅನಂತರ ಬಾಯಿಯಲ್ಲಿ ಹಲ್ಲುಗಳಿರುವ ಉಳಿಯಿಂದ ಮೈಯ ಏರಿಳಿತಗಳನ್ನು ಅನುಸರಿಸಿ ಗೀರುತ್ತ ಹೋಗುವನು; ಚಿತ್ರಕಾರನು ಲೇಖನಿಯಿಂದ ಎಳೆದ ಗೆರೆಗಳಂತೆ ಆ ಗೀರುಗಳು ಕಾಣುತ್ತವೆ. ಬಳಿಕ ಚಪ್ಪಟೆ ಉಳಿ, ಅರ, ಕಡೆಗೆ ಉಜ್ಜುಗಲ್ಲಿನ ನಯ. ಮುಗಿದ ಮೂರ್ತಿಯಲ್ಲಿ ಈ ಮೆಟ್ಟಲುಗಳೆಲ್ಲ ಅಳಿಸಿಹೋಗುತ್ತವೆ. ಅಪೂರ್ಣ ಮೂರ್ತಿಯಲ್ಲಿ ಅವೆಲ್ಲವೂ ಒಟ್ಟಿಗೆ ಕಾಣಸಿಗುತ್ತವೆ. ಫ್ಲಾರೆನ್ಸಿನ ದೇವಾಲಯಕ್ಕೆ ಹನ್ನೆರಡು ಮೂರ್ತಿಗಳನ್ನು ಮಾಡಿಕೊಡುವೆನೆಂದು 1503ರಲ್ಲಿ ಒಪ್ಪಿ, ಅವನು ಕೈಹಾಕಿದ್ದು ಒಂದಕ್ಕೆ ಮಾತ್ರ. ಸಂತ ಮ್ಯಾಥ್ಯೂ ಎಂಬ ಆ ಮೂರ್ತಿಯ ಮೊಣಕಾಲೊಂದು ಕಲ್ಲನ್ನು ಸೀಳಿ ಮುಂದಕ್ಕೆ ಬಂದಿದೆ, ಬೆನ್ನು ಇನ್ನೂ ಬಂಡೆಯಲ್ಲಿಯೇ ಇದೆ. ಆಕೃತಿಯು ಶಿಲೆಯಲ್ಲಿ ಮೊದಲೇ ಇರುತ್ತದೆ, ಹೆಚ್ಚಿನದನ್ನು ತೆಗೆದುಹಾಕುವುದಷ್ಟೇ ಕೈಯ ಕೆಲಸ ಎಂಬುದು ಅವನ ನಂಬಿಕೆ. ಕರ್ಮಮಲದೊಳಗೆ ಅಡಗಿದ ಆತ್ಮನ ವಿಷಯವಾಗಿ ನಮ್ಮ ಮುನಿಗಳ ಪ್ರವಚನದಲ್ಲಿ ಇದೇ ದೃಷ್ಟಾಂತವನ್ನು ಕೇಳಿದವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಈಗ ಪೋಪ್ ಎರಡನೆಯ ಜೂಲಿಯಸನ ಸಮಾಧಿಯ ಪ್ರಕರಣ. ಇದು ಶಿಲ್ಪಿಯ ಬಾಳಿನ ನಲವತ್ತು ವರ್ಷಗಳನ್ನು ನುಂಗಿತು. 1505ರಲ್ಲಿ ಪೋಪನು ಅವನನ್ನು ರೋಮಿಗೆ ಕರೆಸಿ, ತಾನು ಬದುಕಿರುವಾಗಲೇ ತನಗೊಂದು ಸಮಾಧಿ ನಿರ್ಮಾಣವಾಗಬೇಕೆಂದು ಆಜ್ಞಾಪಿಸಿದನು. ನಲವತ್ತಕ್ಕೂ ಹೆಚ್ಚು ಮೂರ್ತಿಗಳು, ಐದು ವರ್ಷಗಳ ಕಾಲ, ಹತ್ತು ಸಾವಿರ ಡುಕಾಟುಗಳು. ಮೈಕೆಲ್ ಎಂಜೆಲೊ ಎಂಟು ತಿಂಗಳು ಕರಾರಾದ ಬೆಟ್ಟಗಳಲ್ಲಿದ್ದು ಕಲ್ಲು ಬಿಡಿಸಿದನು. ಹಡಗಿನಲ್ಲಿ ಬಂದ ಬಂಡೆಗಳು ರೋಮಿನ ಚೌಕದಲ್ಲಿ ರಾಶಿಬಿದ್ದುವು. ಅಷ್ಟರಲ್ಲಿ ಪೋಪನ ಮನಸ್ಸು ಸಂತ ಪೀಟರನ ಹೊಸ ದೇವಾಲಯದ ಕಡೆಗೆ ತಿರುಗಿತು. ಸಾಗಣೆಯ ಬಾಡಿಗೆ ಕೇಳಲು ಹೋದ ಶಿಲ್ಪಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು. ಬಾಕಿ ಹಣಕ್ಕಾಗಿ ದೊಡ್ಡವರ ಬಾಗಿಲಲ್ಲಿ ಕಾದು ಕುಳಿತ ಅನುಭವ ಯಾವ ವರ್ತಕನಿಗಿಲ್ಲ? ಆದರೆ ನಾವು ಮಾರನೆಯ ದಿನ ಮತ್ತೆ ಹೋಗುತ್ತೇವೆ. ಅವನು ಕುದುರೆಯೇರಿ ಫ್ಲಾರೆನ್ಸಿಗೆ ಹೊರಟುಹೋದನು. ಅದು 1506ರ ಏಪ್ರಿಲ್ 17; ಮಾರನೆಯ ದಿನ ಹೊಸ ದೇವಾಲಯದ ಶಂಕುಸ್ಥಾಪನೆ.

ಕಡೆಗೆ ರಾಜಿಯಾಯಿತು. ಪೋಪನು ಅವನಿಂದ ತನ್ನ ಬೃಹತ್ ಕಂಚಿನ ಪ್ರತಿಮೆಯೊಂದನ್ನು ಮಾಡಿಸಿ ಬೊಲೋನ್ಯಾ ನಗರದಲ್ಲಿ ಇರಿಸಿದನು. 1511ರಲ್ಲಿ ವಿರೋಧಿಗಳು ಅದನ್ನು ಉರುಳಿಸಿ ಕರಗಿಸಿದರು. ಆ ಕಂಚಿನಿಂದ ಫಿರಂಗಿ ಎರಕವಾಯಿತು. 1508ರಿಂದ 1512ರವರೆಗೆ ಸಿಸ್ಟೈನ್ ಮಂದಿರದ ಛಾವಣಿಯ ಚಿತ್ರಗಳು. ಅವು ಜಗತ್ಪ್ರಸಿದ್ಧವಾದುದರಿಂದ ಇಲ್ಲಿ ವಿವರಿಸುವುದಿಲ್ಲ; ತಾನು ಚಿತ್ರಕಾರನಲ್ಲ, ಶಿಲ್ಪಿ ಎಂದು ಅವನು ಗೊಣಗುತ್ತಲೇ ಅದನ್ನು ಮಾಡಿ ಮುಗಿಸಿದನು.

1513ರಲ್ಲಿ ಪೋಪ್ ತೀರಿಕೊಂಡನು. ಸಮಾಧಿಯ ಸಾಲ ತೀರಲಿಲ್ಲ. ವಾರಸುದಾರರೊಡನೆ ಅದೇ ವರ್ಷ ಹೊಸ ಕರಾರು; 1516ರಲ್ಲಿ ಮತ್ತೊಂದು; 1532ರಲ್ಲಿ ಇನ್ನೊಂದು; 1542ರಲ್ಲಿ ಕಡೆಯದು. ಪ್ರತಿಯೊಂದರಲ್ಲಿಯೂ ಮೂರ್ತಿಗಳ ಸಂಖ್ಯೆ ಇಳಿಯುತ್ತ ಹೋಯಿತು. ಮುಂಗಡ ಹಣ ತಿಂದು ಕೆಲಸ ಮಾಡಲಿಲ್ಲವೆಂಬ ಅಪವಾದವು ಶಿಲ್ಪಿಯ ತಲೆಯ ಮೇಲೆ ಬಂದಿತು. ಇದು ಅವನನ್ನು ಮುಪ್ಪಿನಲ್ಲಿಯೂ ಕೊರೆಯಿತು. ಲೆಕ್ಕದ ದೃಷ್ಟಿಯಿಂದ ನೋಡಿದರೆ ವಾರಸುದಾರರ ಆಕ್ಷೇಪಣೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆನು. ಒಂದು ಕೆಲಸ ಕೈಯಲ್ಲಿರುವಾಗ ಬೇರೆ ಕೆಲಸಗಳನ್ನು ಒಪ್ಪಿಕೊಂಡದ್ದು ಅವನೇ. ಆದರೆ ಒಪ್ಪಿಸಿದವರೂ ಸಾಮಾನ್ಯರಲ್ಲ, ಪಟ್ಟದ ಮೇಲೆ ಕುಳಿತ ಪೋಪರು. ಅವರಿಗೆ ಇಲ್ಲವೆಂದವನು ಆ ನಾಡಿನಲ್ಲಿ ಬದುಕುವುದು ಕಷ್ಟವಾಗಿತ್ತು.

ಮುಂದಿನ ಪೋಪ್ ಹತ್ತನೆಯ ಲಿಯೋ ಸಂತ ಲೊರೆಂಜೊ ದೇವಾಲಯದ ಮುಂಭಾಗವನ್ನು ಕಟ್ಟಿಸಲು 1518ರಲ್ಲಿ ನಲವತ್ತು ಸಾವಿರ ಡುಕಾಟುಗಳ ಕರಾರು ಮಾಡಿಕೊಂಡನು. ಕಲ್ಲನ್ನು ಕರಾರಾದಿಂದಲ್ಲ, ಫ್ಲಾರೆನ್ಸಿನ ಒಡೆತನದಲ್ಲಿದ್ದ ಸೆರವೆಜ್ಜಾ ಬೆಟ್ಟಗಳಿಂದ ತರಬೇಕೆಂದು ಅಪ್ಪಣೆಯಾಯಿತು. ಅಲ್ಲಿ ರಸ್ತೆಯೇ ಇರಲಿಲ್ಲ. ಜಗತ್ತಿನ ಶ್ರೇಷ್ಠ ಶಿಲ್ಪಿಯು ಜೌಗು ಮುಚ್ಚಿಸುತ್ತ, ಬಂಡೆ ಒಡೆಸುತ್ತ, ಗಾಡಿ ದಾರಿ ಹಾಕಿಸುತ್ತ ಮೇಸ್ತ್ರಿಯಂತೆ ಅಲೆದನು. 1519ರಲ್ಲಿ ಒಂದು ಕಂಬವನ್ನು ಇಳಿಸುವಾಗ ಕಬ್ಬಿಣದ ಬಳೆ ತುಂಡಾಗಿ ಕಂಬವು ಹೊಳೆಗೆ ಬಿದ್ದು ಚೂರುಚೂರಾಯಿತು. ಮುರಿದ ಬಳೆಯನ್ನು ನೋಡಿದರೆ ಒಳಗೆ ಕಬ್ಬಿಣವು ಚಾಕುವಿನ ಹಿಂಬದಿಯಷ್ಟೂ ದಪ್ಪವಿರಲಿಲ್ಲವಂತೆ. ಸುತ್ತಲಿದ್ದವರು ಬದುಕಿದ್ದೇ ಪುಣ್ಯ. ಇಷ್ಟೆಲ್ಲ ಆದ ಮೇಲೆ 1520ರ ಮಾರ್ಚಿನಲ್ಲಿ ಕರಾರೇ ರದ್ದಾಯಿತು. ಆ ದೇವಾಲಯದ ಮುಂಭಾಗ ಇಂದಿಗೂ ಒರಟು ಗೋಡೆಯಾಗಿಯೇ ನಿಂತಿದೆ.

ಕಲ್ಲೇ ಮೋಸ ಮಾಡಿದ ಸಂದರ್ಭವೂ ಉಂಟು. ರೋಮಿನ ಮಿನರ್ವಾ ಎಂಬ ದೇವಾಲಯಕ್ಕಾಗಿ ಯೇಸುವಿನ ನಗ್ನ ಮೂರ್ತಿಯನ್ನು 1514ರ ಕರಾರಿನಂತೆ ಕಡೆಯುತ್ತಿರುವಾಗ ಮುಖದ ಭಾಗದಲ್ಲಿಯೇ ಕಪ್ಪು ಗೆರೆಯೊಂದು ಬಯಲಾಯಿತು. ಅಷ್ಟು ಮಾಡಿದ್ದನ್ನು ಅವನು ಹಾಗೆಯೇ ಬಿಟ್ಟು, ಬೇರೆ ಕಲ್ಲಿನಲ್ಲಿ ಮೊದಲಿನಿಂದ ಆರಂಭಿಸಿದನು. ಶಿಲೆ ಆರಿಸಲು ಹೋದ ದಿನ ನಮ್ಮ ಶಿಲ್ಪಿಗಳು ಬದಿಗಿಟ್ಟ ಆ ಎರಡು ಕಲ್ಲುಗಳು ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದುವು.

ಮೆಡಿಚಿ ಮನೆತನದ ಸಮಾಧಿ ಮಂದಿರದಲ್ಲಿ ಹಗಲು, ಇರುಳು, ಮುಂಜಾನೆ, ಮುಸ್ಸಂಜೆ ಎಂಬ ನಾಲ್ಕು ಮೂರ್ತಿಗಳಿವೆ. ಹಗಲಿನ ಮುಖವನ್ನು ಅವನು ಉಳಿಯ ಗೀರುಗಳಲ್ಲಿಯೇ ಬಿಟ್ಟಿದ್ದಾನೆ. 1534ರಲ್ಲಿ ಫ್ಲಾರೆನ್ಸನ್ನು ತೊರೆದವನು ಜೀವಸಹಿತ ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವನ ಕೆಲಸದ ಮನೆಯಲ್ಲಿ ಜೂಲಿಯಸನ ಸಮಾಧಿಗೆಂದು ತೊಡಗಿದ್ದ ನಾಲ್ಕು ದಾಸರ ಮೂರ್ತಿಗಳು ಉಳಿದುವು. ಒಬ್ಬನ ತಲೆ ಇನ್ನೂ ಬಂಡೆಯೇ ಆಗಿದೆ, ಆ ಬಂಡೆಯನ್ನು ಅವನು ಹೊತ್ತು ನಿಂತಂತೆ ಕಾಣುತ್ತದೆ. ಇನ್ನೊಬ್ಬನು ನಿದ್ದೆಯಿಂದ ಏಳುತ್ತ ಕಲ್ಲಿನಿಂದ ಮೈ ಬಿಡಿಸಿಕೊಳ್ಳುತ್ತಿದ್ದಾನೆ. ಬಹು ಕಾಲ ಇವು ಒಂದು ಉದ್ಯಾನದ ಕೃತಕ ಗುಹೆಯ ಮೂಲೆಗಳಲ್ಲಿ ಅಲಂಕಾರದ ಬಂಡೆಗಳಂತಿದ್ದುವು. 1909ರಲ್ಲಿ ಅವುಗಳನ್ನು ತಂದು ಡೇವಿಡ್ ಇರುವ ಕಲಾಶಾಲೆಯಲ್ಲಿಯೇ ಇರಿಸಿದರು. ಈಗ ಡೇವಿಡನ ಬಳಿಗೆ ಹೋಗುವವರು ಇವುಗಳ ನಡುವೆಯೇ ಹಾದುಹೋಗುತ್ತಾರೆ. ಸಮಾಧಿಯು 1545ರಲ್ಲಿ ಒಂದು ಚಿಕ್ಕ ದೇವಾಲಯದ ಗೋಡೆಗೆ ಆನಿಸಿ ಹೇಗೋ ಮುಗಿಯಿತು. ನಲವತ್ತು ಮೂರ್ತಿಗಳ ಸ್ಥಾನದಲ್ಲಿ ಅವನ ಕೈಯ ಮೂರು. ಅವುಗಳ ಮಧ್ಯೆ ಕುಳಿತ ಮೋಸೆಸ್ ಒಂದೇ ಸಾಕು ಎನ್ನುವವರೂ ಇದ್ದಾರೆ.

ಮುಪ್ಪಿನಲ್ಲಿ ಅವನಿಗೆ ಸಂತ ಪೀಟರನ ದೇವಾಲಯದ ವಾಸ್ತುಶಿಲ್ಪದ ಹೊಣೆ ಬಂದಿತು. ಸಾಯುವವರೆಗೂ ವೇತನವಿಲ್ಲದೆ ನಿರ್ವಹಿಸಿದನು. ಮೂರ್ತಿಗಳನ್ನು ಕೇಳುವವರು ಕಡಮೆಯಾದರೂ ಅವನ ಕೈ ಸುಮ್ಮನಿರಲಿಲ್ಲ. ತನ್ನ ಸ್ವಂತ ಸಮಾಧಿಗೆಂದು ನಾಲ್ಕು ಆಕೃತಿಗಳ ಒಂದು ದೊಡ್ಡ ಪಿಯೆಟಾವನ್ನು ಎಪ್ಪತ್ತು ದಾಟಿದ ಮೇಲೆ ಕೈಗೆತ್ತಿಕೊಂಡನು. ರಾತ್ರಿ ನಿದ್ದೆ ಬಾರದಾಗ ಎದ್ದು ಕೂಡುವನು. ದಪ್ಪ ಕಾಗದದ ಟೋಪಿ ಮಾಡಿಕೊಂಡು ಅದರ ನೆತ್ತಿಯಲ್ಲಿ ಆಡಿನ ಕೊಬ್ಬಿನ ಬತ್ತಿ ಹಚ್ಚಿ ಸಿಕ್ಕಿಸಿಕೊಳ್ಳುವನು. ಎರಡು ಕೈಗಳೂ ಕೆಲಸಕ್ಕೆ ಬಿಡುವಾಗುತ್ತಿದ್ದುವು. ಒಂದು ರಾತ್ರಿ ವಸಾರಿ ಮನೆಗೆ ಬಂದು, ಮಾತನಾಡುತ್ತ ಅಪೂರ್ಣ ಮೂರ್ತಿಯ ಕಾಲಿನ ಕಡೆಗೆ ಕಣ್ಣು ಹಾಯಿಸಿದನು. ಮುದುಕನು ಕೈಯಲ್ಲಿದ್ದ ದೀಪವನ್ನು ಬೇಕೆಂದೇ ಬೀಳಿಸಿ ಕತ್ತಲೆ ಮಾಡಿದನು. ಮುಗಿಯದ ಕೆಲಸವನ್ನು ಪರರ ಕಣ್ಣಿಗೆ ತೋರಿಸಲು ಅವನಿಗೆ ಅಷ್ಟು ಸಂಕೋಚ. ಇಂದು ಲಕ್ಷಾಂತರ ಜನರು ಟಿಕೆಟು ಕೊಂಡು ಅವುಗಳನ್ನೇ ನೋಡುತ್ತಿದ್ದಾರೆ.

ಆ ಕಲ್ಲು ಗಡುಸಾಗಿತ್ತು, ಉಳಿ ತಾಗಿದರೆ ಕಿಡಿ ಹಾರುತ್ತಿತ್ತು. 1555ರ ಸುಮಾರಿಗೆ ಒಂದು ದಿನ ಸಹನೆ ಮೀರಿ ಅವನೇ ಸುತ್ತಿಗೆಯಿಂದ ಆ ಮೂರ್ತಿಯನ್ನು ಒಡೆದನೆಂದು ವಸಾರಿ ಬರೆದಿದ್ದಾನೆ. ಪೂರ್ತಿ ಒಡೆಯುವುದನ್ನು ಸೇವಕನು ತಡೆದು ಬೇಡಿ ಪಡೆದುಕೊಂಡನು. ಬಂಡೀನಿ ಎಂಬ ಶ್ರೀಮಂತನು ಅದನ್ನು ಇನ್ನೂರು ಚಿನ್ನದ ನಾಣ್ಯಗಳಿಗೆ ಕೊಂಡನು. ಒಬ್ಬ ಕಿರಿಯ ಶಿಲ್ಪಿ ತುಂಡುಗಳನ್ನು ಜೋಡಿಸಿದನು. ಯೇಸುವಿನ ಎಡಗಾಲು ಮಾತ್ರ ಇಲ್ಲ. ಫ್ಲಾರೆನ್ಸಿನಲ್ಲಿ 2019ರಿಂದ 2021ರವರೆಗೆ ಇದನ್ನು ಶುದ್ಧಿಗೊಳಿಸಿ ಪರೀಕ್ಷಿಸಿದಾಗ, ಕಲ್ಲು ಕರಾರಾದ್ದಲ್ಲ, ಸೆರವೆಜ್ಜಾದ್ದೆಂದೂ, ಅದರೊಳಗೆ ಲೋಹದ ಕಣಗಳೂ ಕೂದಲೆಳೆಯಂತಹ ಬಿರುಕುಗಳೂ ತುಂಬಿವೆಯೆಂದೂ ತಿಳಿದುಬಂದಿತು. ಸುತ್ತಿಗೆಯ ಏಟಿನ ಗುರುತುಗಳು ಮಾತ್ರ ಕಾಣಲಿಲ್ಲವಂತೆ. ಕೋಪದಿಂದ ಒಡೆದನೆಂಬ ಕಥೆಗಿಂತ, ತಳದಲ್ಲಿ ಬಿರುಕು ಸಿಕ್ಕಿ ಮುಂದುವರಿಯಲಾಗದೆ ಬಿಟ್ಟನೆಂಬುದೇ ನನಗೆ ಹೆಚ್ಚು ನಂಬಿಕೆಯಾಗುತ್ತದೆ. ಶಿಲ್ಪಿಗಳು ಕಲ್ಲನ್ನು ಬೇಡವೆನ್ನುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದರಲ್ಲಿ ಕೋಪವಿರುವುದಿಲ್ಲ.

ಕಡೆಯ ಹತ್ತು ಹನ್ನೆರಡು ವರ್ಷಗಳು ಅವನು ಇನ್ನೊಂದು ಪಿಯೆಟಾದಲ್ಲಿ ತೊಡಗಿದ್ದನು. ಹೆಚ್ಚು ಕಡಮೆ ರೂಪುಗೊಂಡಿದ್ದ ಆಕೃತಿಗಳನ್ನೇ ಕಡೆದುಹಾಕಿ, ಮಾತೆಯ ಮೈಯ ಕಲ್ಲಿನಲ್ಲಿಯೇ ಮಗನನ್ನು ಹೊಸದಾಗಿ ಹುಡುಕಿದನು. ಎರಡು ದೇಹಗಳೂ ಸವೆದು ಸವೆದು ತೆಳ್ಳಗಾಗಿ ಒಂದರೊಳಗೊಂದು ಕರಗಿದಂತಾದುವು. 1564ರ ಫೆಬ್ರವರಿ 12ರಂದು, ಎಂಬತ್ತೆಂಟರ ವಯಸ್ಸಿನಲ್ಲಿ, ದಿನವೆಲ್ಲ ನಿಂತು ಅದರ ಮೇಲೆಯೇ ಕೆಲಸ ಮಾಡಿದನು. 18ರಂದು ತೀರಿಕೊಂಡನು. ಅದಕ್ಕೆ ಮೊದಲು ತನ್ನ ಅನೇಕ ಚಿತ್ರಗಳನ್ನು ಸುಟ್ಟುಹಾಕಿದ್ದನು. ಅಧಿಕಾರಿಗಳು ಬಂದು ಮನೆಯ ಸಾಮಾನುಗಳ ಪಟ್ಟಿ ಬರೆದುಕೊಂಡರು: ಪೆಟ್ಟಿಗೆಯಲ್ಲಿ ಎಂಟು ಸಾವಿರಕ್ಕೂ ಮೀರಿದ ಚಿನ್ನದ ನಾಣ್ಯಗಳು, ಕೆಲವು ಬಟ್ಟೆಗಳು, ಮುಗಿಯದ ಮೂರು ಮೂರ್ತಿಗಳು. ಬಡವನಂತೆ ಬ್ರೆಡ್ಡು ತಿಂದು, ಬೂಟು ಬಿಚ್ಚದೆ ಮಲಗುತ್ತಿದ್ದವನ ಪೆಟ್ಟಿಗೆ ಅದು. ರೋಮಿನವರು ದೇಹವನ್ನು ಬಿಡುವುದಿಲ್ಲವೆಂಬ ಭಯದಿಂದ ಅಣ್ಣತಮ್ಮಂದಿರ ಮಗನು ಅದನ್ನು ವ್ಯಾಪಾರದ ಸರಕಿನ ಮೂಟೆಯಂತೆ ಕಟ್ಟಿಸಿ ಗುಟ್ಟಾಗಿ ಫ್ಲಾರೆನ್ಸಿಗೆ ಸಾಗಿಸಿದನು. ಅಲ್ಲಿ ಸಾಂತಾ ಕ್ರೋಚೆ ದೇವಾಲಯದಲ್ಲಿ ಸಮಾಧಿಯಾಯಿತು.

ಕಡೆಯ ಆ ಮೂರ್ತಿಯು 1952ರಿಂದ ಮಿಲಾನ್ ನಗರದಲ್ಲಿದೆ. ಅದರ ಪಕ್ಕದಲ್ಲಿ ನಯವಾಗಿ ಉಜ್ಜಿ ಮುಗಿಸಿದ ಒಂದು ತೋಳು ಯಾರ ಮೈಗೂ ಸೇರದೆ ಹಾಗೆಯೇ ನಿಂತಿದೆ. ಮೊದಲಿನ ಯೋಜನೆಯಲ್ಲಿ ಅದು ಯೇಸುವಿನ ಬಲತೋಳಾಗಿತ್ತು. ಮೈ ಬದಲಾದ ಮೇಲೂ ಅದನ್ನು ಕಡೆದು ತೆಗೆಯಲು ಅವನಿಗೆ ಬಿಡುವಾಗಲಿಲ್ಲ.